ಜಬೋಟಿಕಾಬಾ ಚಿಗುರು ಹಳದಿಯಾದರೆ ಮೊದಲು ನೀರು ನೋಡಿ

ನಮ್ಮ ಮುರಕಲ್ಲು ಮಣ್ಣು ಮೂಲದಲ್ಲೇ ಹುಳಿ. ಆದರೂ ಮಂಗಳೂರಿನ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಜಬೋಟಿಕಾಬಾ, ಮಿರಾಕಲ್ ಫ್ರೂಟ್ ಎಂಬ ವಿದೇಶಿ ಹಣ್ಣಿನ ಗಿಡಗಳ ಚಿಗುರೆಲೆ ಹಳದಿಯಾಗಿ, ನರಗಳಷ್ಟೇ ಹಸಿರು ಉಳಿಯುತ್ತವೆ. ಇದು ಹೆಚ್ಚಾಗಿ ಕಬ್ಬಿಣದ ಕೊರತೆ. ಮಣ್ಣಿಗೆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಮಣ್ಣಿನ ಪಿಎಚ್ (ಹುಳಿಯ ಅಳತೆ; ಏರಿದಷ್ಟೂ ಹುಳಿ ಕಡಿಮೆ) ಏರಿದರೆ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ, ಅಷ್ಟೆ. ಜಬೋಟಿಕಾಬಾಕ್ಕೆ 5.5ರಿಂದ 6.5, ಮಿರಾಕಲ್ ಫ್ರೂಟಿಗೆ 4.5ರಿಂದ 5.8 ಬೇಕು.

ಪಿಎಚ್ ಏರಿಸುವುದು ನೀರಿನಲ್ಲಿ ಕರಗಿರುವ, ಹುಳಿಯನ್ನು ತಗ್ಗಿಸುವ ಬೈಕಾರ್ಬನೇಟ್. ನೀರಿನ ಪಿಎಚ್ ಮಾತ್ರ ಅಳೆದರೆ ಇದು ತಿಳಿಯದು. ಬೈಕಾರ್ಬನೇಟ್ ಅಳೆಯಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕೆಎಚ್ ಕಿಟ್ ತನ್ನಿ. 5 ಮಿ.ಲೀ. ನೀರಿಗೆ ಕಿಟ್‌ನ ದ್ರಾವಣವನ್ನು ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಿ, ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸಿ. ಸಾಮಾನ್ಯ ಕಿಟ್‌ಗಳಲ್ಲಿ ಒಂದು ಹನಿಗೆ ಸುಮಾರು 18 ಪಿಪಿಎಂ (ಲೀಟರಿಗೆ ಮಿ.ಗ್ರಾಂ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ). ನಾಲ್ಕು ಹನಿಯೊಳಗಾದರೆ ಚಿಂತೆಯಿಲ್ಲ. ಮುರಕಲ್ಲಿನ ತೆರೆದ ಬಾವಿ ನೀರು ಹೆಚ್ಚಾಗಿ ಹೀಗೇ ಮೆದು. ಬೋರ್‌ವೆಲ್, ಟ್ಯಾಂಕರ್ ನೀರು ಎಂಟು ಹನಿ ದಾಟಿದರೆ 10 ಲೀಟರಿಗೆ ಒಂದೂವರೆ ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಹಾಕಿ. ಆದರೆ ಇದು ತಾತ್ಕಾಲಿಕ: ಮಣ್ಣಿನ ಬ್ಯಾಕ್ಟೀರಿಯಾ ಸಿಟ್ರಿಕ್ಕನ್ನು ತಿಂದು ಮುಗಿಸಿದಾಗ ಬೈಕಾರ್ಬನೇಟ್ ಮರಳಿ ಬರುತ್ತದೆ. ವಿನೆಗರ್ ಕಥೆಯೂ ಅದೇ. ಬ್ಯಾಟರಿ ಆಸಿಡ್ ಮುಟ್ಟಲೇಬೇಡಿ.

ಉಳಿಯುವ ಪರಿಹಾರ ಮಳೆನೀರು. ಹಂಚಿನ ಮಾಡಿನ ನೀರು ಉತ್ತಮ. ಸುಣ್ಣ ಬಳಿದ ಟೆರೇಸಿನ ನೀರು ಬೇಡ. 15 ಲೀಟರ್ ಕುಂಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ಎಂದರೂ 200 ಲೀಟರ್ ಡ್ರಮ್ಮು ನೂರು ದಿನ ಬರುತ್ತದೆ. ಸೊಳ್ಳೆ ನುಗ್ಗದಂತೆ ಬಟ್ಟೆ ಕಟ್ಟಿ. ಕಡಲ ಬದಿಯ ಉಪ್ಪು ನೀರಿಗಂತೂ ಆಸಿಡ್‌ನಿಂದ ಪ್ರಯೋಜನವೇ ಇಲ್ಲ. ಎಲೆಯ ತುದಿ ಕಂದಿ ಸುಟ್ಟಂತಾದರೆ ಉಪ್ಪಿನ ಗುಮಾನಿ ಮಾಡಿ, ಮಳೆನೀರಿಗೆ ಬದಲಿಸಿ.

ಕುಂಡದ ಮಿಶ್ರಣಕ್ಕೆ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ತರಗೆಲೆ ಗೊಬ್ಬರ, ಒಂದು ಪಾಲು ಹೊಳೆ ಮರಳು. ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ: ಬುಸ್ಸೆಂದು ನೊರೆ ಬಂದರೆ ಚಿಪ್ಪಿನ ಚೂರು ಸೇರಿದೆ, ಬೇಡ. ಊರಿನಲ್ಲಿ ಎಲ್ಲ ಗಿಡಕ್ಕೂ ಪ್ರೀತಿಯಿಂದ ಹಾಕುವ ಸುಡುಮಣ್ಣು, ಒಲೆ ಬೂದಿ, ಮೊಟ್ಟೆ ಚಿಪ್ಪಿನ ಪುಡಿ ಈ ಗಿಡಗಳಿಗೆ ವಿಷವಿದ್ದಂತೆ. ಹೊಸ ಸಿಮೆಂಟ್ ಕುಂಡವೂ ಸುಣ್ಣ ಬಿಡುತ್ತದೆ.

ಕುಂಡದ ಮಣ್ಣಿನ ಪಿಎಚ್ ಈಗಾಗಲೇ ಏರಿದ್ದರೆ 15 ಲೀಟರ್ ಕುಂಡಕ್ಕೆ 10 ಗ್ರಾಂ ಗಂಧಕದ ಪುಡಿಯನ್ನು ಮೇಲ್ಮಣ್ಣಿಗೆ ಬೆರೆಸಿ. ಅದನ್ನು ಆಮ್ಲವಾಗಿಸುವುದು ಬ್ಯಾಕ್ಟೀರಿಯಾ. ಅವಕ್ಕೆ ಗಾಳಿ, ತೇವ ಎರಡೂ ಬೇಕು. ಜುಲೈಯ ನೀರು ನಿಂತ ಕುಂಡಕ್ಕೆ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಬಂದು ಬೇರು ಕೆಡುತ್ತದೆ. ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ ಹಾಕಿ, ಎರಡು ತಿಂಗಳು ಕಾಯಿರಿ, ಪಿಎಚ್ ಮತ್ತೆ ಅಳೆಯದೆ ಇನ್ನೊಮ್ಮೆ ಹಾಕಬೇಡಿ. ಅಷ್ಟರವರೆಗೆ ಚಿಗುರಿಗೆ ಕಬ್ಬಿಣದ ಚೀಲೇಟನ್ನು (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ. ತೀರಾ ಬಿಳಚಿದ ಹಳೆ ಎಲೆ ಪೂರ್ತಿ ಹಸಿರಾಗಲಿಕ್ಕಿಲ್ಲ. ಮುಂದೆ ಬರುವ ಚಿಗುರನ್ನು ಗಮನಿಸಿ.