ಸೈಕಲ್ ಫಿಟ್ಟಿಂಗ್‌ಗೆ ದುಡ್ಡು ಕೊಡುವ ಮುನ್ನ

ವಾರಕ್ಕೆ ಒಂದೆರಡು ಗಂಟೆ ತುಳಿಯುವವರಿಗೆ, ಎಲ್ಲೂ ನೋವಿಲ್ಲದಿದ್ದರೆ, ತಜ್ಞರ ಫಿಟ್ಟಿಂಗ್ (ಸೈಕಲನ್ನು ಮೈಯಳತೆಗೆ ಹೊಂದಿಸುವುದು) ಬೇಕಿಲ್ಲ. ಅಲೆನ್ ಕೀ, ಅಳತೆ ಟೇಪು, ಅರ್ಧ ಗಂಟೆ ಸಾಕು.

ಮೊದಲು ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವನ್ನು ತೊಡೆಸಂದಿಗೆ ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. 0.883ರಿಂದ ಗುಣಿಸಿ: 80 ಸೆಂ.ಮೀ. ಇದ್ದರೆ 70.6. ಕ್ರ್ಯಾಂಕ್ (ಪೆಡಲ್ ಕೂಡಿದ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಫ್ರೇಮ್ ಕೊಳವೆ) ಗುಂಟ, ಅಷ್ಟು ದೂರವಿರಲಿ. ಇದು ಆರಂಭವಷ್ಟೇ, ಕ್ರ್ಯಾಂಕಿನ ಉದ್ದ, ಶೂ ಅಟ್ಟೆಯ ದಪ್ಪ ಈ ಲೆಕ್ಕದಲ್ಲಿಲ್ಲ. ತುಳಿಯುವಾಗ ಹಿಂದಿನಿಂದ ಯಾರಾದರೂ ನೋಡಲಿ. ಸೊಂಟ ಅತ್ತಿತ್ತ ವಾಲಿದರೆ ಸೀಟು ಎತ್ತರವಾಯಿತು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗವಾದರೆ ಎತ್ತರ. ಒಂದು ಸಲಕ್ಕೆ 3–5 ಮಿ.ಮೀ. ಮಾತ್ರ ಬದಲಿಸಿ, ಹಳೆಯ ಮಟ್ಟಕ್ಕೆ ಟೇಪು ಅಂಟಿಸಿಡಿ. ಸೀಟ್‌ಪೋಸ್ಟಿನ (ಸೀಟನ್ನು ಹೊತ್ತ ಕಂಬ) ಮೇಲಿನ ಕನಿಷ್ಠ ಮಿತಿಯ ಗೆರೆ ಹೊರಗೆ ಕಾಣಕೂಡದು.

ಕೈ ಜೋಮು ಹಿಡಿಯುತ್ತದೆಯೇ? ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಮಟ್ಟ ಮಾಡಿದರೂ ಹೋಗದಿದ್ದರೆ 10 ಮಿ.ಮೀ. ಗಿಡ್ಡದ ಸ್ಟೆಮ್ (ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ ತುಂಡು) ಹಾಕಿ. ಹ್ಯಾಂಡಲ್ ಹತ್ತಿರವಾಗಲೆಂದು ಸೀಟನ್ನೇ ಮುಂದಕ್ಕೆ ತಳ್ಳುವವರು ಬಹಳ. ಕೈ ನೋವು ಮಂಡಿಗೆ ವರ್ಗವಾಗುತ್ತದೆ, ಅಷ್ಟೇ.

ಕಾಲುಗಳ ಉದ್ದದಲ್ಲಿ ವ್ಯತ್ಯಾಸ, ಹಳೆಯ ಗಾಯ, ಕ್ಲೀಟ್ ಶೂ (ಪೆಡಲಿಗೆ ಸಿಕ್ಕಿಕೊಳ್ಳುವ ಶೂ) ಹಾಕಿದಾಗ ಒಂದೇ ಮಂಡಿಯ ನೋವು, ಇವಕ್ಕೆ ಫಿಟ್ಟರ್ ಬೇಕೇ ಬೇಕು. ಗುಪ್ತಾಂಗದ ಜೋಮು ಸೀಟು ಬದಲಿಸಿದರೂ ಹೋಗದಿದ್ದರೆ ವೈದ್ಯರಿಗೂ ತೋರಿಸಿ. ಫ್ರೇಮೇ ಎರಡು ಸೈಜು ದೊಡ್ಡದಾಗಿದ್ದರೆ ಮಾತ್ರ ಯಾವ ಫಿಟ್ಟರೂ ಏನೂ ಮಾಡಲಾರ; ಹೊಸ ಸೈಕಲ್ ಕೊಳ್ಳುವವರು ಮೊದಲೇ ಅಳತೆ ಕೊಡುವುದು ಲಾಭ.