ಕಾಗದದ ಬಟ್ಟಲು, ಬಟ್ಟೆಯ ಕಾಲೊರಸು: ಹಳೆಯ ಸಾಮಾನಿನಿಂದ ಮನೆಯ ಅಲಂಕಾರ

ಹೊರಗೆ ಹಾಕಲೆಂದು ಮೂಲೆಯಲ್ಲಿ ಕಟ್ಟಿಟ್ಟ ರಾಶಿಯನ್ನು ಬಿಚ್ಚಿ ನೋಡಿದರೆ ಹಳೆಯ ವೃತ್ತಪತ್ರಿಕೆ, ಸವೆದ ಹಾಸುಬಟ್ಟೆ, ಖಾಲಿ ಗಾಜಿನ ಸೀಸೆ ಇವಿಷ್ಟಾದರೂ ಸಾಮಾನ್ಯವಾಗಿ ಸಿಗುತ್ತವೆ. ಇಲ್ಲಿ ವಿವರಿಸುವ ಕೆಲಸಗಳಿಗೆ ಇವುಗಳ ಜೊತೆಗೆ ಕತ್ತರಿ, ದಬ್ಬಣ, ಗಟ್ಟಿ ದಾರ, ಅಂಟು ಮತ್ತು ಸ್ವಲ್ಪ ಬಣ್ಣ ಇದ್ದರೆ ಸಾಕು. ಕರಕುಶಲಕ್ಕೆಂದೇ ಮಾರುವ ಸಿದ್ಧ ಸಾಮಗ್ರಿಯ ಪೆಟ್ಟಿಗೆಗಳು ಬೇಕಾಗುವುದಿಲ್ಲ. ಆದರೆ ಹಣ ಉಳಿದಷ್ಟೂ ಸಮಯ ಹೆಚ್ಚು ಕೊಡಬೇಕಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಆ ಸಮಯದ ಬಹುಪಾಲು ಒಣಗಲು ಬಿಡುವುದರಲ್ಲಿ, ಅಳೆಯುವುದರಲ್ಲಿ ಮತ್ತು ತಪ್ಪಿದ್ದನ್ನು ಬಿಚ್ಚಿ ಮತ್ತೆ ಮಾಡುವುದರಲ್ಲಿ ಹೋಗುತ್ತದೆ. ಮನೆಯಲ್ಲಿ ಮಾಡಿದ ವಸ್ತು ಒರಟಾಗಿ ಕಂಡಾಗ ಜನ ಸಾಮಗ್ರಿಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದಕ್ಕೆ ಕಾರಣ ಹಸಿಯಿರುವಾಗಲೇ ಮುಂದಿನ ಹಂತಕ್ಕೆ ಕೈಹಾಕಿದ್ದು.

ವೃತ್ತಪತ್ರಿಕೆಯ ಬಟ್ಟಲು

ಕಾಗದದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒಣಗಿಸಿದರೆ ತೆಳು ಮರದಷ್ಟು ಗಟ್ಟಿಯಾದ ವಸ್ತು ಸಿದ್ಧವಾಗುತ್ತದೆ. ಬೀಗದ ಕೈ, ಗುಂಡಿ, ದಾರದ ಉಂಡೆಯಂಥ ಬಿಡಿ ಸಾಮಾನುಗಳನ್ನಿಡುವ ಬಟ್ಟಲನ್ನು ಮಾಡುವುದು ಇದನ್ನು ಕಲಿಯಲು ಸುಲಭವಾದ ದಾರಿ.

ಮೊದಲು ಅಂಟು ಕಾಸಿಕೊಳ್ಳಬೇಕು. ಒಂದು ಲೋಟ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ನಾಲ್ಕು ಲೋಟ ನೀರಿಗೆ ನಿಧಾನವಾಗಿ ಸುರಿಯುತ್ತ ಕೈಬಿಡದೆ ತಿರುವಬೇಕು. ಎರಡು ಮೂರು ನಿಮಿಷಗಳಲ್ಲಿ ಅದು ಮಂದವಾಗಿ ಹೊಳಪು ಪಡೆಯುತ್ತದೆ. ಆಗ ಇಳಿಸಿ, ಒಂದು ಚಮಚ ಉಪ್ಪು ಬೆರೆಸಿ ಆರಲು ಬಿಡಬೇಕು. ಹಿಟ್ಟಿನ ಅಂಟಿಗೆ ಬೂಷ್ಟು ಬೇಗ ಹಿಡಿಯುವುದರಿಂದ ಉಪ್ಪು ಅದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಆದರೆ ಪೂರ್ತಿ ಒಣಗಿಸುವುದಕ್ಕೆ ಅದು ಬದಲಿಯಾಗುವುದಿಲ್ಲ. ಮೈದಾ ಬೇಡವೆನ್ನುವವರು ಮರಗೆಲಸಕ್ಕೆ ಬಳಸುವ ಬಿಳಿ ಅಂಟನ್ನು ಅರ್ಧದಷ್ಟು ನೀರಿನೊಂದಿಗೆ ತೆಳುಮಾಡಿ ಬಳಸಬಹುದು.

ಕಾಗದವನ್ನು ಕತ್ತರಿಸದೆ ಕೈಯಿಂದಲೇ ಹರಿಯಬೇಕು. ಹರಿದ ಅಂಚಿನಲ್ಲಿ ನಾರು ಹೊರಚಾಚಿ ತೆಳುವಾಗಿರುವುದರಿಂದ ಅದು ಕೆಳಗಿನ ಪದರದಲ್ಲಿ ಬೆರೆತುಹೋಗುತ್ತದೆ; ಕತ್ತರಿಸಿದ ಅಂಚಾದರೆ ಬಣ್ಣ ಬಳಿದ ಮೇಲೂ ಗೆರೆಯಾಗಿ ಎದ್ದು ಕಾಣುತ್ತದೆ. ವೃತ್ತಪತ್ರಿಕೆ ಒಂದು ದಿಕ್ಕಿನಲ್ಲಿ ನೇರವಾಗಿ ಹರಿದರೆ ಇನ್ನೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿಯಾಗಿ ಹರಿಯುತ್ತದೆ, ಏಕೆಂದರೆ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕನ್ನು ಕಂಡುಕೊಂಡು ಎರಡು ಮೂರು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಮಾಡಿಟ್ಟುಕೊಳ್ಳಬೇಕು.

ಅಚ್ಚಿಗೆ ಮನೆಯಲ್ಲಿರುವ ಯಾವುದೇ ಬಟ್ಟಲಾಗಬಹುದು, ಆದರೆ ಅದರ ಬಾಯಿ ಅಡಿಗಿಂತ ಅಗಲವಾಗಿರಲೇಬೇಕು. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಪಾತ್ರೆಯ ಮೇಲೆ ಅಂಟಿಸಿದ್ದನ್ನು ಮತ್ತೆ ತೆಗೆಯಲಾಗುವುದಿಲ್ಲ. ಬಟ್ಟಲನ್ನು ಬೋರಲಾಗಿಟ್ಟು ಹೊರಮೈಗೆಲ್ಲ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಹಚ್ಚಬೇಕು. ಕಾಗದ ಒಣಗುವಾಗ ಬಿಗಿಯುತ್ತದೆಯಾದ್ದರಿಂದ ಈ ಹಂತ ತಪ್ಪಿಸಿದವರು ಕೊನೆಗೆ ಬಟ್ಟಲನ್ನು ಕತ್ತರಿಸಿಯೇ ಬಿಡಿಸಬೇಕಾಗುತ್ತದೆ. ಮೊದಲ ಪದರವನ್ನು ಬರೀ ನೀರಿನಲ್ಲಿ ನೆನೆಸಿದ ಪಟ್ಟಿಗಳಿಂದ ಹಾಸಿದರೆ ಬಿಡಿಸುವುದು ಮತ್ತಷ್ಟು ಸುಲಭ.

ಎರಡನೆಯ ಪದರದಿಂದ ಪ್ರತಿ ಪಟ್ಟಿಯನ್ನೂ ಅಂಟಿನಲ್ಲಿ ಅದ್ದಿ, ಎರಡು ಬೆರಳುಗಳ ನಡುವೆ ಎಳೆದು ಹೆಚ್ಚಾದ ಅಂಟನ್ನು ಹಿಂಡಿ, ಹಿಂದಿನ ಪದರಕ್ಕೆ ಅಡ್ಡಲಾಗಿ ಅಂಟಿಸಿ, ಒಳಗೆ ಸಿಕ್ಕ ಗಾಳಿಯನ್ನು ಬೆರಳಿನಿಂದ ಹೊರಗೆ ಒತ್ತಬೇಕು. ಒಂದು ಪದರಕ್ಕೆ ಅಕ್ಷರಗಳ ಪುಟ, ಮುಂದಿನದಕ್ಕೆ ಬಣ್ಣದ ಜಾಹೀರಾತಿನ ಪುಟ ಬಳಸಿದರೆ ಎಲ್ಲಿ ಪದರ ಮುಗಿದಿದೆ, ಎಲ್ಲಿ ಬಿಟ್ಟುಹೋಗಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಎರಡು ಪದರಗಳಾದ ಮೇಲೆ ನಿಲ್ಲಿಸಿ, ಗಾಳಿಯಾಡುವ ಕಡೆ ಒಂದಿಡೀ ದಿನ ಒಣಗಲು ಬಿಟ್ಟು, ಅನಂತರ ಮುಂದಿನ ಎರಡನ್ನು ಹಾಕಬೇಕು. ಆರು ಪದರಗಳಾದರೆ ಸಾಧಾರಣ ಬಟ್ಟಲಿಗೆ ಸಾಕು. ಒಣಗಿದೆಯೇ ಎಂದು ನೋಡಲು ಕೆನ್ನೆಗೆ ತಾಗಿಸುವುದು ನನ್ನ ಅಭ್ಯಾಸ. ಒಳಗೆ ಪಸೆ ಉಳಿದಿದ್ದರೆ ಮೇಲ್ಮೈ ಒಣಗಿದಂತೆ ಕಂಡರೂ ತಣ್ಣಗಿರುತ್ತದೆ.

ಅಚ್ಚಿನಿಂದ ಬಿಡಿಸಿದ ಮೇಲೆ ಒಳಮೈಯ ಜಿಡ್ಡನ್ನು ಒರೆಸಿ, ಅಂಚನ್ನು ಕತ್ತರಿಯಿಂದ ಸಮ ಮಾಡಿ, ಅದರ ಮೇಲೆ ಚಿಕ್ಕ ಪಟ್ಟಿಗಳನ್ನು ಒಳಗಿನಿಂದ ಹೊರಗೆ ಮಡಚಿ ಅಂಟಿಸಬೇಕು. ಬಟ್ಟಲು ಬಿರಿಯುವುದು ಸಾಮಾನ್ಯವಾಗಿ ಅಂಚಿನಿಂದಲೇ. ಮತ್ತೆ ಒಣಗಿಸಿ, ಬಣ್ಣ ಹಚ್ಚುವ ಮೊದಲು ಬಿಳಿ ಬಣ್ಣದ ಒಂದು ಲೇಪ ಕೊಡುವುದು ಅಗತ್ಯ, ಇಲ್ಲವಾದರೆ ಅಚ್ಚಿನ ಅಕ್ಷರಗಳು ತಿಳಿಬಣ್ಣದ ಕೆಳಗಿನಿಂದ ಇಣುಕುತ್ತವೆ. ಇದು ನೀರಿಗೆ ತಡೆಯುವ ವಸ್ತುವಲ್ಲ. ವಾರ್ನಿಷ್ ಹಚ್ಚಿದರೂ ಒದ್ದೆ ಬಟ್ಟೆಯಿಂದ ಒರೆಸುವಷ್ಟು ರಕ್ಷಣೆ ಸಿಗುತ್ತದೆಯೇ ಹೊರತು ತೊಳೆಯಲಾಗುವುದಿಲ್ಲ.

ಗಾಜಿನ ಸೀಸೆ

ಸೀಸೆಯ ಕೆಲಸದಲ್ಲಿ ಕಷ್ಟವಿರುವುದು ಮೇಲಿನ ಚೀಟಿಯನ್ನು ತೆಗೆಯುವುದರಲ್ಲಿ ಮಾತ್ರ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಕಾಗದ ಬಿಟ್ಟುಕೊಳ್ಳುತ್ತದೆ. ಉಳಿಯುವ ಜಿಗುಟು ನೀರಿಗೆ ಜಗ್ಗದಿದ್ದರೆ ಅಡುಗೆ ಎಣ್ಣೆ ಮತ್ತು ಸೋಡಾ ಸಮನಾಗಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಬೇಕು. ಅನಂತರ ಸಾಬೂನಿನಿಂದ ತೊಳೆದು ಒಣಗಿಸಿ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಬೇಕು. ಬೆರಳಿನ ಜಿಡ್ಡು ಉಳಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ. ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ತಟ್ಟುತ್ತ ಎರಡು ಮೂರು ತೆಳು ಲೇಪಗಳಲ್ಲಿ ಹಚ್ಚಿದರೆ ಕುಂಚದ ಗೆರೆ ಬೀಳುವುದಿಲ್ಲ. ಬಣ್ಣ ಬೇಡದವರು ಸೆಣಬಿನ ಹುರಿಯನ್ನು ಅಡಿಯಿಂದ ಮೇಲಕ್ಕೆ ಒತ್ತೊತ್ತಾಗಿ ಸುತ್ತಬಹುದು. ಬಿಳಿ ಅಂಟು ಕಾಗದ, ಬಟ್ಟೆ, ಮರದಂಥ ನೀರು ಹೀರುವ ವಸ್ತುಗಳನ್ನು ಚೆನ್ನಾಗಿ ಹಿಡಿಯುತ್ತದೆ, ನುಣುಪಾದ ಗಾಜನ್ನು ಅಷ್ಟಾಗಿ ಹಿಡಿಯುವುದಿಲ್ಲ; ಆದ್ದರಿಂದ ಹುರಿಯ ಮೊದಲ ಮತ್ತು ಕೊನೆಯ ಸುತ್ತುಗಳಿಗೆ ಗಾಜಿಗೆಂದೇ ಇರುವ ಗಟ್ಟಿ ಅಂಟನ್ನು ಬಳಸಬೇಕು. ಸ್ಪಿರಿಟ್‌ನಲ್ಲಿ ಅದ್ದಿದ ದಾರವನ್ನು ಸೀಸೆಗೆ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಿನಲ್ಲಿ ಮುಳುಗಿಸಿ ಗಾಜು ಕತ್ತರಿಸುವ ಉಪಾಯವನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು ಎಂದು ಒತ್ತಿ ಹೇಳುತ್ತೇನೆ. ಬಿರುಕು ದಾರದ ಗೆರೆಯಲ್ಲೇ ಸಾಗುತ್ತದೆ ಎಂಬ ಖಾತರಿಯಿಲ್ಲ, ಬೆಂಕಿಯ ಅಪಾಯವೂ ಇದೆ. ಹಾಗೆಯೇ ಬಣ್ಣ ಬಳಿದ ಅಥವಾ ಹುರಿ ಸುತ್ತಿದ ಸೀಸೆಯೊಳಗೆ ಮೇಣದ ಬತ್ತಿ ಹಚ್ಚದೆ, ಬೆಳಕು ಬೇಕಿದ್ದರೆ ಬ್ಯಾಟರಿಯ ಎಲ್‌ಇಡಿ ಸರವನ್ನು ಇಳಿಬಿಡಬೇಕು.

ಹಳೆಯ ಬಟ್ಟೆಯ ಕಾಲೊರಸು

ಬಟ್ಟೆಯ ಪಟ್ಟಿಗಳನ್ನು ಮೂರೆಳೆಯ ಜಡೆಯಾಗಿ ಹೆಣೆದು, ಆ ಜಡೆಯನ್ನು ನಡುವಿನಿಂದ ಸುರುಳಿಯಾಗಿ ಸುತ್ತಿ ಹೊಲಿಯುವ ಈ ಕೆಲಸಕ್ಕೆ ಹಲವು ಸಂಜೆಗಳು ಹಿಡಿಯುತ್ತವೆ. ಆದರೆ ಇಲ್ಲಿ ಹೇಳುತ್ತಿರುವವುಗಳಲ್ಲಿ ಹೆಚ್ಚು ಕಾಲ ಬಾಳುವುದು ಇದೇ, ಮಾಡುವಾಗ ಹೆಚ್ಚು ನೆಮ್ಮದಿ ಕೊಡುವುದೂ ಇದೇ.

60 ಸೆಂಟಿಮೀಟರ್ ವ್ಯಾಸದ ದುಂಡನೆಯ ಕಾಲೊರಸಿಗೆ ಎಷ್ಟು ಬಟ್ಟೆ ಬೇಕೆಂದು ಮೊದಲು ಲೆಕ್ಕ ಹಾಕೋಣ. ಜಡೆಯ ಅಗಲ ಸುಮಾರು ಎರಡು ಸೆಂಟಿಮೀಟರ್ ಎಂದಿಟ್ಟುಕೊಂಡರೆ 14 ಮೀಟರ್ ಉದ್ದದ ಜಡೆ ಬೇಕಾಗುತ್ತದೆ. ಹೆಣೆಯುವಾಗ ಬಟ್ಟೆಯ ಉದ್ದ ಸುಮಾರು ಮೂರನೆಯ ಒಂದು ಭಾಗ ಕುಗ್ಗುವುದರಿಂದ ಮೂರು ಎಳೆಗಳಿಗೆ ತಲಾ 21 ಮೀಟರಿನಂತೆ ಒಟ್ಟು 63 ಮೀಟರಿನಷ್ಟು ಪಟ್ಟಿ ಬೇಕು. 150 ಸೆಂಟಿಮೀಟರ್ ಅಗಲ, 225 ಸೆಂಟಿಮೀಟರ್ ಉದ್ದದ ಒಂದು ಹಾಸುಬಟ್ಟೆಯನ್ನು ಐದು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹರಿದರೆ 67 ಮೀಟರಿನಷ್ಟು ಸಿಗುತ್ತದೆ. ಜೋಡಣೆಗಳಲ್ಲಿ ಸ್ವಲ್ಪ ಹೋಗುತ್ತದೆ, ಸವೆದ ಭಾಗವನ್ನು ಬಿಡಬೇಕಾಗುತ್ತದೆ, ಹಾಗಾಗಿ ಕೈಯಲ್ಲಿ ಇನ್ನೊಂದು ಬಟ್ಟೆ ಇಟ್ಟುಕೊಂಡಿರುವುದು ಕ್ಷೇಮ. ಎಲ್ಲ ಬಟ್ಟೆಯೂ ಹತ್ತಿಯದೇ ಆಗಿರಲಿ. ಹಿಗ್ಗುವ ಬಟ್ಟೆಯನ್ನು ಹಿಗ್ಗದ ಬಟ್ಟೆಯ ಜೊತೆ ಹೆಣೆದರೆ ಮೊದಲ ಒಗೆತದಲ್ಲೇ ಸೊಟ್ಟಗಾಗುತ್ತದೆ.

ಪಟ್ಟಿಗಳನ್ನು ಜೋಡಿಸಲು ಗಂಟು ಹಾಕಬಾರದು, ಅದು ಕಾಲಿಗೆ ಒತ್ತುತ್ತದೆ. ಎರಡು ಪಟ್ಟಿಗಳ ತುದಿಯಲ್ಲೂ ಒಂದೊಂದು ಚಿಕ್ಕ ಸೀಳು ಮಾಡಿ, ಹೊಸ ಪಟ್ಟಿಯ ಸೀಳಿರುವ ತುದಿಯನ್ನು ಹಳೆಯದರ ಸೀಳಿನೊಳಗೆ ತೂರಿಸಿ, ಬಳಿಕ ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಅದರದೇ ಸೀಳಿನೊಳಗಿಂದ ಪೂರ್ತಿ ಹಾಯಿಸಿ ಎಳೆದರೆ ಎರಡೂ ಕೊಂಡಿಯಂತೆ ಬಿಗಿದುಕೊಳ್ಳುತ್ತವೆ. ಮೂರು ಎಳೆಗಳೂ ಒಂದೇ ಜಾಗದಲ್ಲಿ ಮುಗಿಯದಂತೆ ಆರಂಭದಲ್ಲೇ ಉದ್ದ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಜಡೆಯ ಬಿಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ಒಂದು ಸಂಜೆ ಬಿಗಿಯಾಗಿ, ಮರುಸಂಜೆ ಸಡಿಲವಾಗಿ ಹೆಣೆದದ್ದು ಕಾಲೊರಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಸುತ್ತಿ ಹೊಲಿಯುವುದು. ನಾನು ಮೊದಲ ಸಲ ಮಾಡಿದಾಗ ಜಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಗಿಯಾಗಿ ಎಳೆದು ಹೊಲಿದೆ. ಮುಗಿಯುವ ಹೊತ್ತಿಗೆ ಅದು ನೆಲದ ಮೇಲೆ ಕೂರದೆ ಬುಟ್ಟಿಯಂತೆ ಮೇಲೆದ್ದಿತ್ತು. ಕಾರಣ ಸರಳವಾದದ್ದು. ಜಡೆಯ ಅಗಲ ಎರಡು ಸೆಂಟಿಮೀಟರ್ ಇದ್ದರೆ ಪ್ರತಿ ಹೊಸ ಸುತ್ತಿಗೂ ಹಿಂದಿನ ಸುತ್ತಿಗಿಂತ ಸುಮಾರು 12.5 ಸೆಂಟಿಮೀಟರ್ ಹೆಚ್ಚು ಜಡೆ ಬೇಕು, ಮತ್ತು ಈ ಹೆಚ್ಚಳ ಒಳಗಿನ ಸುತ್ತಿಗೂ ಹೊರಗಿನ ಸುತ್ತಿಗೂ ಒಂದೇ. ಹೊರಗಿನ ದೊಡ್ಡ ಸುತ್ತಿನಲ್ಲಿ ಅಷ್ಟು ಸಡಿಲ ತಾನಾಗಿ ಹಂಚಿಹೋಗುತ್ತದೆ. ನಡುವಿನ ಚಿಕ್ಕ ಸುತ್ತುಗಳಲ್ಲಿ ಮಾತ್ರ ಅದನ್ನು ನಾವೇ ಲಕ್ಷ್ಯವಿಟ್ಟು ಕೊಡಬೇಕು. ಆದ್ದರಿಂದ ಜಡೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟುಕೊಂಡೇ ಹೊಲಿಯಬೇಕು. ದಬ್ಬಣಕ್ಕೆ ಜೋಡಿ ದಾರ ಪೋಣಿಸಿ, ಒಳಸುತ್ತಿನ ಪ್ರತಿ ಹೆಣಿಗೆಯಲ್ಲೂ ಒಂದು ಹೊಲಿಗೆ ಹಾಕುತ್ತ, ಹೊಸ ಜಡೆಯಲ್ಲಿ ಮಾತ್ರ ಒಂದೆರಡು ಹೊಲಿಗೆಗಳಿಗೊಮ್ಮೆ ಒಂದು ಹೆಣಿಗೆಯನ್ನು ಬಿಟ್ಟು ಮುಂದಿನದರಲ್ಲಿ ಚುಚ್ಚಬೇಕು. ನಾಲ್ಕೈದು ಸುತ್ತುಗಳಾದ ಮೇಲೆ ಬಿಡುವುದನ್ನು ಕಡಿಮೆ ಮಾಡಬಹುದು.

ಪ್ರತಿ ಸುತ್ತು ಮುಗಿದಾಗ ಅಂಗೈಯಿಂದ ಸವರಿ ನೋಡಬೇಕು. ಅಂಚು ಮೇಲೇಳುತ್ತಿದ್ದರೆ ಹೊಲಿಗೆ ಬಿಗಿಯಾಗಿದೆ, ಅಂಚು ಅಲೆಅಲೆಯಾಗುತ್ತಿದ್ದರೆ ಸಡಿಲ ಹೆಚ್ಚಾಗಿದೆ. ಎರಡರಲ್ಲಿ ಯಾವುದೇ ಆದರೂ ಆ ಸುತ್ತನ್ನು ಬಿಚ್ಚಿ ಮತ್ತೆ ಹೊಲಿಯುವುದೊಂದೇ ದಾರಿ. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಎಂದು ಮುಂದುವರಿದರೆ ಮುಂದಿನ ಸುತ್ತುಗಳು ಆ ದೋಷವನ್ನು ದೊಡ್ಡದಾಗಿಸುತ್ತವೆ. ಕೊನೆಯಲ್ಲಿ ಮೂರು ಎಳೆಗಳನ್ನೂ ಕ್ರಮೇಣ ಕಿರಿದಾಗಿ ಕತ್ತರಿಸಿ, ಹೆಣೆದು, ತುದಿಯನ್ನು ಹಿಂದಿನ ಸುತ್ತಿನ ಕೆಳಗೆ ಸೇರಿಸಿ ಹೊಲಿದರೆ ಮುಗಿದ ಜಾಗ ಗುರುತೇ ಸಿಗುವುದಿಲ್ಲ. ನುಣುಪು ನೆಲವಿರುವ ಮನೆಯಲ್ಲಿ ಇದರ ಕೆಳಗೆ ಜಾರದಂತೆ ರಬ್ಬರಿನ ಜಾಲರಿ ಹಾಸುವುದು ಕಡ್ಡಾಯ, ಮುಖ್ಯವಾಗಿ ವಯಸ್ಸಾದವರು ಓಡಾಡುವ ಜಾಗದಲ್ಲಿ.

ಗೋಡೆಯ ಮೇಲಿನ ಚಿತ್ರಗಳು

ಈಗಾಗಲೇ ಮನೆಯಲ್ಲಿರುವ ಚಿತ್ರಗಳನ್ನು ಸರಿಯಾದ ಎತ್ತರಕ್ಕೆ ತಂದರೂ ಕೋಣೆ ಬದಲಾಗಿ ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಚಿತ್ರಗಳು ತಲೆ ಎತ್ತಿ ನೋಡುವಷ್ಟು ಮೇಲಿರುತ್ತವೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಹಿತವಾಗಿರುತ್ತದೆ. ಮೊಳೆಯ ಜಾಗ ಕಂಡುಹಿಡಿಯಲು ಆ ಎತ್ತರಕ್ಕೆ ಚೌಕಟ್ಟಿನ ಅರ್ಧ ಎತ್ತರವನ್ನು ಕೂಡಿಸಿ, ಹಿಂದಿನ ತಂತಿಯನ್ನು ಬಿಗಿಯಾಗಿ ಎಳೆದಾಗ ಅದು ಚೌಕಟ್ಟಿನ ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟನ್ನು ಕಳೆಯಬೇಕು. 40 ಸೆಂಟಿಮೀಟರ್ ಎತ್ತರದ ಚಿತ್ರದ ತಂತಿ ಮೇಲಂಚಿನಿಂದ ಆರು ಸೆಂಟಿಮೀಟರ್ ಕೆಳಗಿದ್ದು, ನಡುಭಾಗ 147ಕ್ಕೆ ಬರಬೇಕಾದರೆ ಮೊಳೆ 161 ಸೆಂಟಿಮೀಟರಿನಲ್ಲಿರಬೇಕು.

ಹಲವು ಚಿತ್ರಗಳನ್ನು ಗುಂಪಾಗಿ ಹಾಕುವುದಾದರೆ ಇಡೀ ಗುಂಪನ್ನೇ ಒಂದು ದೊಡ್ಡ ಚಿತ್ರವೆಂದು ಭಾವಿಸಿ ಅದರ ನಡುಭಾಗವನ್ನು ಅಳೆಯಬೇಕು. ಪ್ರತಿ ಚೌಕಟ್ಟಿನ ಅಳತೆಗೆ ಹಳೆಯ ಕಾಗದ ಕತ್ತರಿಸಿ, ಮೊಳೆಯ ಜಾಗವನ್ನು ಅದರ ಮೇಲೆ ಗುರುತಿಸಿ, ಬಣ್ಣ ಕೀಳದ ಟೇಪಿನಿಂದ ಗೋಡೆಗೆ ಅಂಟಿಸಿ, ಒಂದೆರಡು ದಿನ ಹಾಗೆಯೇ ಬಿಟ್ಟು ಬೇರೆಬೇರೆ ಬೆಳಕಿನಲ್ಲಿ ನೋಡಬೇಕು. ಚಿತ್ರಗಳ ನಡುವಿನ ಅಂತರ ಐದರಿಂದ ಎಂಟು ಸೆಂಟಿಮೀಟರ್ ಇದ್ದರೆ ಅವು ಒಂದೇ ಗುಂಪಾಗಿ ಕಾಣುತ್ತವೆ. ಜೋಡಣೆ ಒಪ್ಪಿತವಾದ ಮೇಲೆ ಕಾಗದದ ಮೇಲಿನ ಗುರುತಿನ ಮೂಲಕವೇ ಮೊಳೆ ಹೊಡೆದು, ಕಾಗದವನ್ನು ಹರಿದು ತೆಗೆದು, ಚಿತ್ರ ತೂಗುಹಾಕಬಹುದು. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ದಪ್ಪ ಬಟ್ಟೆಯ ಚಿಕ್ಕ ಚೂರುಗಳನ್ನು ಅಂಟಿಸಿದರೆ ಗೋಡೆಯ ಬಣ್ಣ ಉಜ್ಜಿಹೋಗುವುದಿಲ್ಲ, ಬಾಗಿಲು ಬಡಿದಾಗಲೆಲ್ಲ ಚಿತ್ರ ಓರೆಯಾಗುವುದೂ ಕಡಿಮೆಯಾಗುತ್ತದೆ.