ಪಹಣಿ ಆನ್‌ಲೈನ್‌ನಲ್ಲಿ ಸಿಗುತ್ತಿಲ್ಲವೇ? ಹಿಸ್ಸಾ ನಂಬರ್ ನೋಡಿಕೊಳ್ಳಿ

ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ಪಹಣಿ (ಜಮೀನಿನ ಹಕ್ಕಿನ ದಾಖಲೆ) ನೋಡಲು ಒಂದು ರೂಪಾಯಿಯೂ ಬೇಡ. ಆದರೂ ಜನ ಸೈಬರ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ನೋಡುತ್ತಾರೆ. ಯಾಕೆ ಅಂದರೆ, "ನಾನೇ ಹುಡುಕಿದೆ ಸಾರ್, ನಮ್ಮ ಜಮೀನೇ ಬರ್ತಿಲ್ಲ" ಅನ್ನುತ್ತಾರೆ. ಜಮೀನು ಎಲ್ಲಿಗೂ ಹೋಗಿರುವುದಿಲ್ಲ. ಊರಿನ ಹೆಸರೋ ಹಿಸ್ಸಾ ನಂಬರೋ (ಸರ್ವೆ ನಂಬರಿನೊಳಗಿನ ಭಾಗದ ನಂಬರ್) ತಪ್ಪಿರುತ್ತದೆ, ಅಷ್ಟೇ.

ಹೆಜ್ಜೆ 1: ವಿಳಾಸ. landrecords.karnataka.gov.in. ಇದನ್ನು ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಖಾಸಗಿ ಸೈಟುಗಳು ಮೊದಲು ಫೋನ್ ನಂಬರ್ ಕೇಳುತ್ತವೆ, ಆಮೇಲೆ ಸಾಲ ಬೇಕಾ ಅಂತ ಕರೆ ಬರುತ್ತದೆ. 'ಪಹಣಿ ಆ್ಯಪ್' ಅಂತ ಪ್ಲೇಸ್ಟೋರ್‌ನಲ್ಲಿ ಸಿಗುವವುಗಳಲ್ಲಿ ಬಹಳಷ್ಟು ಬರೀ ಜಾಹೀರಾತಿನ ಡಬ್ಬ. ಸಾಧ್ಯವಾದರೆ ಕಂಪ್ಯೂಟರ್ ಬಳಸಿ. ಮೊಬೈಲ್‌ನಲ್ಲಿ ಉದ್ದನೆಯ ಪಟ್ಟಿಯಿಂದ ಊರು ಆರಿಸುವಾಗ ಬೆರಳು ಜಾರಿ ಪಕ್ಕದ ಊರು ಬೀಳುವುದೇ ಜಾಸ್ತಿ.

ಹೆಜ್ಜೆ 2: ಆರ್‌ಟಿಸಿ (ಪಹಣಿಗೇ ಇರುವ ಇಂಗ್ಲಿಷ್ ಹೆಸರು) ವೀಕ್ಷಣೆ ಆರಿಸಿ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ತುಂಬಿ. ತಾಲ್ಲೂಕು, ಜಿಲ್ಲೆ ಬದಲಾಗಿದ್ದರೆ ಹೊಸ ಹೆಸರಲ್ಲೂ ಹುಡುಕಿ. ಹರಪನಹಳ್ಳಿಯನ್ನೇ ನೋಡಿ: ದಾವಣಗೆರೆಯಿಂದ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇನ್ನೊಂದು ಮಾತು: ನೀವು ವಾಸ ಮಾಡುವ ಊರೇ ಜಮೀನಿನ ಊರು ಆಗಿರಬೇಕಿಲ್ಲ. ಎಂದೋ ಜನ ಬಿಟ್ಟುಹೋದ ಬೇಚರಾಕ್ ಗ್ರಾಮಗಳು ದಾಖಲೆಯಲ್ಲಿ ಇನ್ನೂ ಇವೆ. ನಿಮ್ಮ ಹೊಲ ಅಂಥ ಊರಿನ ಎಲ್ಲೆಯಲ್ಲಿದ್ದರೆ, ನಿಮ್ಮೂರಿನ ಹೆಸರಲ್ಲಿ ಎಷ್ಟು ಹುಡುಕಿದರೂ ಬರುವುದಿಲ್ಲ.

ಹೆಜ್ಜೆ 3: ನಂಬರು. ಎಲ್ಲರೂ ಎಡವುವುದು ಇಲ್ಲೇ. ಹಳೆಯ ಪಹಣಿಯಲ್ಲಿ 45/*/2ಎ ಅಂತ ಇದೆ ಅಂದುಕೊಳ್ಳಿ. 45 ಸರ್ವೆ ನಂಬರ್. ನಡುವಿನದು ಸರ್ನೋಕ್, ಸಾಮಾನ್ಯವಾಗಿ ಅಲ್ಲಿ ನಕ್ಷತ್ರದ ಗುರುತೇ ಇರುತ್ತದೆ. ಕೊನೆಯ 2ಎ ಹಿಸ್ಸಾ. ಮೂರನ್ನೂ ಒಂದೇ ಡಬ್ಬಿಯಲ್ಲಿ ಟೈಪ್ ಮಾಡಬೇಡಿ. ಬರೀ 45 ಹಾಕಿ 'ಗೋ' (Go) ಬಟನ್ ಒತ್ತಿ. ಆಮೇಲೆ ಸರ್ನೋಕ್, ಹಿಸ್ಸಾ ಎರಡನ್ನೂ ಪಟ್ಟಿಯಿಂದ ಆರಿಸಿ.

ಪಟ್ಟಿಯಲ್ಲಿ ನಿಮ್ಮ ಹಿಸ್ಸಾ ಇಲ್ಲವೇ? ಗಾಬರಿ ಬೇಡ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಪೋಡಿ (ಅಳತೆ ಮಾಡಿ ಬೇರೆ ಬೇರೆ ನಂಬರ್ ಕೊಡುವುದು) ಆಗಿದ್ದರೆ ಹಳೆಯ ಹಿಸ್ಸಾ ಹೋಗಿ ಹೊಸದು ಬಂದಿರುತ್ತದೆ. ಹಳೆಯ ವರ್ಷಗಳ ಆಯ್ಕೆಗೆ ಹೋಗಿ ಹಳೆಯ ಹಿಸ್ಸಾ ನೋಡಿ, ಅಲ್ಲಿಂದ ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ) ಹಿಡಿದು ಮುಂದೆ ಬನ್ನಿ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಪಿ1, ಪಿ2 ಅಂತ ಪೈಕಿ ನಂಬರ್ (ಮೂಲ ಸರ್ವೆ ನಂಬರಿನ ಒಂದು ಪಾಲು) ಇರಬಹುದು. ದುರಸ್ತಿ (ಅಳತೆ ಮಾಡಿ ದಾಖಲೆ ಸರಿಪಡಿಸುವುದು) ಆಗುವ ತನಕ ಅದೇ ನಂಬರ್. ಅದನ್ನು ಬಿಟ್ಟು ಮೂಲ ನಂಬರ್ ತೆಗೆದರೆ ಯಾರದೋ ಹೆಸರು ಬರುತ್ತದೆ, ಮನೆಯಲ್ಲಿ ಸುಮ್ನೆ ಜಗಳ.

ನಂಬರೇ ಗೊತ್ತಿಲ್ಲದಿದ್ದರೆ ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ. ಇದು ಸರ್ಕಾರದ್ದೇ, ಇದೂ ಪುಕ್ಕಟೆ. ಬದುವಿನ ಮೇಲೆ ನಿಲ್ಲಬೇಡಿ, ಹೊಲದ ನಡುವೆ ನಿಲ್ಲಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನು ನಂಬಿ ಬೇಲಿ ಹಾಕಲು ಮಾತ್ರ ಹೋಗಬೇಡಿ.

ಹೆಜ್ಜೆ 4: ಅವಧಿ, ವರ್ಷ ಆರಿಸಿ, ಪಹಣಿ ತೆರೆಯಿರಿ. ಏನೂ ಆಗಲಿಲ್ಲ ಅನಿಸಿದರೆ ಬ್ರೌಸರ್ ಪಾಪ್‌ಅಪ್ ತಡೆದಿದೆಯಾ ನೋಡಿ.

ಹೆಜ್ಜೆ 5: ಓದುವುದು. ವಿಸ್ತೀರ್ಣ 2.10.00 ಅಂತಿದ್ದರೆ ಅದು 2 ಎಕರೆ 10 ಗುಂಟೆ, ಅಂದರೆ ಎರಡೂಕಾಲು ಎಕರೆ. 40 ಗುಂಟೆಗೆ ಒಂದು ಎಕರೆ ಅಲ್ವಾ? ಇದನ್ನು ದಶಮಾಂಶ ಅಂತ ಓದಿ ರೇಟು ಕಟ್ಟಿದರೆ ನಷ್ಟ ಯಾರಿಗೆ ಅಂತ ಹೇಳಬೇಕಿಲ್ಲ. 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ಉಳಿದದ್ದೆಷ್ಟು ನೋಡಿ. ಬಿ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ನಿಮ್ಮದಲ್ಲ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಅನ್ನುವುದು: ಕ್ರಯವೋ, ಪೌತಿಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ವಿಭಾಗವೋ. ಜೊತೆಗಿರುವ ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್ ಬರೆದಿಟ್ಟುಕೊಳ್ಳಿ.

ಜನ ನೋಡದೆ ಬಿಡುವುದು 11ನೇ ಕಾಲಂ. ಸಾಲ, ಕೋರ್ಟ್ ತಡೆ, ಮಾರಬಾರದೆಂಬ ಷರತ್ತು ಎಲ್ಲ ಅಲ್ಲಿ ಬರುತ್ತದೆ. ಕೊಳ್ಳುವವರಿಗೆ ನನ್ನ ಸಲಹೆ: ಮೊದಲು 11, ಆಮೇಲೆ 9. 11 ಖಾಲಿ ಇದೆ ಅಂತ ಅಡ್ವಾನ್ಸ್ ಕೊಡಬೇಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ತೆಗೆಸಿ.

ಪುಕ್ಕಟೆ ನೋಡಿದ ಪ್ರತಿಯ ಪ್ರಿಂಟ್ ಬ್ಯಾಂಕಿಗೆ ನಡೆಯುವುದಿಲ್ಲ. ಅದಕ್ಕೆ ಐ-ಆರ್‌ಟಿಸಿಯನ್ನೇ (ಡಿಜಿಟಲ್ ಸಹಿ ಇರುವ ಪಹಣಿ) ದುಡ್ಡು ಕಟ್ಟಿ ಪಡೆಯಬೇಕು. ಸಾಲ ತೀರಿದ ಮೇಲೂ 11ರಲ್ಲಿ ಋಣ ಹಾಗೇ ಕಂಡರೆ, ಬ್ಯಾಂಕಿನಿಂದ ಸಾಲ ತೀರಿದ ಪತ್ರ ಪಡೆದು ಅದನ್ನು ತೆಗೆಸಲು ಅರ್ಜಿ ಕೊಡಿ.